ಸದ್ದಿನ ಪೊಟ್ಟಣ

“ಅವ್ವಾ, ಎಮ್ಮಿ ಸತ್ತಿದ್ದು ಉಡಚಜ್ಜೀದು. ಮತ್ತ ಗೋಣೆಪ್ಪಜ್ಜ ಯಾಕ ಅಳತಾನ?”

ಸಾನಿಯಾ ಇದನ್ನು ಕೇಳಿದ್ದು ಅಕ್ಟೋಬರ್ ಹನ್ನೊಂದರ ಬೆಳಿಗ್ಗೆ, ನಾನು ಅವಳ ಜಡೆ ಹೆಣೆಯುತ್ತಿದ್ದಾಗ. ದಿನವೂ ಒಂದಿಷ್ಟು ಬರೆದಿಡುವ ಅಭ್ಯಾಸ ನನಗೆ ಮದುವೆಗೆ ಮುಂಚಿನಿಂದಲೂ ಇದೆ. ಆ ದಿನದ ಪುಟದಲ್ಲಿ ಮಗಳ ಪ್ರಶ್ನೆಯೂ ಇದೆ, ಅದರ ಕೆಳಗೆ ನನ್ನ ಉತ್ತರವೂ ಇದೆ. ಅಜ್ಜನ ಕಣ್ಣು ಮಂಜಾಗಿವೆ, ಕಾಣದೆ ತಪ್ಪು ಮಾಡಿದ್ದಾನೆ, ಅದಕ್ಕೇ ಅಳುತ್ತಾನೆ ಎಂದು ಹೇಳಿದ್ದೆ. ಆರು ವರ್ಷದ ಹುಡುಗಿಗೆ ಅಷ್ಟು ಸಾಕು ಅನ್ನಿಸಿತ್ತು. ಅವಳು ತಲೆ ಆಡಿಸಿದಳು, ಜಡೆ ಬಿಚ್ಚಿಕೊಂಡಿತು, ನಾನು ಮತ್ತೆ ಮೊದಲಿನಿಂದ ಹೆಣೆದೆ.

ನಾನು ಹೇಳಿದ್ದು ಸುಳ್ಳೆಂದು ತಿಳಿಯಲು ನನಗೆ ಐದು ವಾರ ಹಿಡಿಯಿತು. ಆಮೇಲೆ ಆ ಪುಟವನ್ನು ಹರಿಯಲೂ ಮನಸ್ಸಾಗಲಿಲ್ಲ, ಹಾಗೇ ಬಿಡಲೂ ಆಗಲಿಲ್ಲ. ಅದಕ್ಕೇ ಗೋಣೆಪ್ಪಜ್ಜನ ಸಂಗತಿಯನ್ನು ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ.

ನಮ್ಮೂರು ರಾಣೆಬೆನ್ನೂರಿನಿಂದ ಗುತ್ತಲದ ಕಡೆ ಹೋಗುವ ದಾರಿಯಲ್ಲಿದೆ. ಊರಿನ ಒಂದು ಮಗ್ಗುಲಿಗೆ ಕುರುಚಲು ಗುಡ್ಡ. ಅಲ್ಲಿಂದ ಚಿಗರಿ ಜಿಂಕೆಗಳು ಹಿಂಡುಹಿಂಡಾಗಿ ಹೊಲಕ್ಕೆ ಇಳಿಯುತ್ತವೆ, ಅವುಗಳ ಹಿಂದೆ ಕಾಡುಹಂದಿಗಳು. ಚಿಗರಿ ಮೇಯ್ದು ಹೋಗುತ್ತದೆ, ಮೇಯ್ದದ್ದು ಮತ್ತೆ ಚಿಗುರಬಹುದು. ಹಂದಿ ಹಾಗಲ್ಲ. ಒಂದು ತೆನೆ ತಿನ್ನಲು ಹತ್ತು ದಂಟು ಮುರಿಯುತ್ತದೆ. ಬೆಳೆ ಕಾಯಲೆಂದು ಹಿಂದಿನವರ ಕಾಲದಲ್ಲೇ ಲೈಸೆನ್ಸ್ ಪಡೆದ ನಾಲ್ಕು ಬಂದೂಕುಗಳು ಊರಿನಲ್ಲಿದ್ದವು. ಒಂದು ಗೋಣೆಪ್ಪಜ್ಜನದು, ಒಂದು ನಮ್ಮ ಮಾವ ಯಲ್ಲೇಶಪ್ಪನವರದು, ಇನ್ನೆರಡು ಮೇಲಿನ ಓಣಿಯವರದು. ನಾಲ್ಕೂ ಹಳೇ ನಮೂನೆಯವು, ಸಣ್ಣ ನಳಿಗೆಯವು. ಅಂಗಡಿಯ ತೋಟಾ ಇವಕ್ಕೆ ಹೊಂದುವುದಿಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ಅದರ ಮೇಲೆ ಬಿರಡೆ ಇಟ್ಟು, ಕಬ್ಬಿಣದ ಗಜದಿಂದ ಜಡಿದು, ಹಾರಿಸಬೇಕು. ಹೊಡೆಯಬೇಕೆಂದಿದ್ದರೆ ಮದ್ದಿನ ಮೇಲೆ ಛರ್ರಾ, ಅಂದರೆ ಸೀಸದ ಸಣ್ಣ ಗುಂಡುಗಳು.

ನಾಲ್ಕು ಮನೆಯವರಿಗೂ ಈ ಮದ್ದಿನ ಪೊಟ್ಟಣ ಕಟ್ಟಿಕೊಡುತ್ತಿದ್ದವನು ಗೋಣೆಪ್ಪಜ್ಜ ಒಬ್ಬನೇ. ಅವನಿಗೆ ಅರವತ್ತೊಂಬತ್ತು. ಹುರಿಗಟ್ಟಿದ ಮೈ, ಕನ್ನಡಕದ ಒಂದು ಕಾಲಿಗೆ ಬಿಳಿ ದಾರ. ಹರೆಯದಲ್ಲಿ ಹನ್ನೆರಡು ವರ್ಷ ಬ್ಯಾಡಗಿಯ ಮೆಣಸಿನಕಾಯಿ ಪ್ಯಾಟಿಯಲ್ಲಿ ಕಾಯಿ ಆರಿಸುವ ಕೆಲಸ ಮಾಡಿದ್ದವನು. ರಾಶಿಯೊಳಗೆ ಕೈ ಹಾಕಿದರೆ ನಿರಿಗೆ ಚೆನ್ನಾಗಿರುವ ಕಾಯಿ ಒಂದು ಬೆರಳಿಗೆ, ಮೆತ್ತಗಾದದ್ದು ಇನ್ನೊಂದು ಬೆರಳಿಗೆ ತಾನಾಗಿ ಸಿಗುತ್ತಿತ್ತಂತೆ. ನನ್ನ ತವರು ಬ್ಯಾಡಗಿ. ನಾನು ಈ ಊರಿಗೆ ಸೊಸೆಯಾಗಿ ಬಂದ ಮೂರನೇ ದಿನ ಅವನು ನಮ್ಮ ಪಡಸಾಲೆಗೆ ಬಂದು, ಬ್ಯಾಡಗಿಯೊಳಗೆ ಯಾವ ಓಣಿ, ನಿಮ್ಮ ಮನೆ ಎದುರಿನ ಚಹಾದ ಅಂಗಡಿಯವ ಇನ್ನೂ ಅರ್ಧ ಕಪ್ಪಿಗೇ ತುಂಬಿತು ಅನ್ನುತ್ತಾನೋ ಇಲ್ಲೋ ಎಂದೆಲ್ಲ ಕೇಳಿದ. ಅಂದಿನಿಂದ ನಾನು ಅವನಿಗೆ ಬ್ಯಾಡಗಿ ತಂಗಿ. ಹೊಸ ಮನೆಯಲ್ಲಿ ನನ್ನ ಊರಿನ ಹೆಸರು ಹಿಡಿದು ಕರೆದವನು ಅವನೊಬ್ಬನೇ.

ಪೊಟ್ಟಣ ಕಟ್ಟಲು ಅವನಿಗೆ ಕಾಗದ ಬೇಕಾಗುತ್ತಿತ್ತು. ಸಾನಿಯಾ ಗೀಚಿ ಮುಗಿಸಿದ ವಹಿಗಳನ್ನು ನಾನು ಕೊಡುತ್ತಿದ್ದೆ. ಹಾಗೆ ಕೊಡಲು ಹೋದಾಗ ಮಗಳಿಗೆ ಅಲ್ಲೇ ಕೂತು ನೋಡುವ ಚಟ. ಅಜ್ಜ ಊಟದ ಸ್ಟೀಲ್ ತಾಟನ್ನು ಒಂದು ಕಡೆ ಸಣ್ಣಗೆ ಎತ್ತಿ ಹಿಡಿದು, ಛರ್ರಾಗಳನ್ನು ಒಂದೊಂದಾಗಿ ಮೇಲಿನಿಂದ ಬಿಡುತ್ತಿದ್ದ. ದುಂಡಗಿದ್ದದ್ದು ನೆಟ್ಟಗೆ ಉರುಳಿ ಕೆಳಗೆ ಬರುತ್ತಿತ್ತು. ಎಲ್ಲಾದರೂ ಚಪ್ಪಟೆ ಇದ್ದದ್ದು ಅಡ್ಡದಾರಿ ಹಿಡಿದು ಅಂಚಿಗೆ ಹೋಗುತ್ತಿತ್ತು. ನೆಟ್ಟಗೆ ಬಂದವು ಒಂದು ಡಬ್ಬಿಗೆ, ಅಡ್ಡ ಹೋದವು ಬದಿಗೆ. ಅವನ ಹೆಂಡತಿ ಹೊಳಿಯವ್ವ ಒಲೆಯ ಮುಂದೆ ಕೂತು ಚುಚ್ಚುತ್ತಿದ್ದಳು.

“ನನ್ನ ನೋಡಾಕ ಬಂದಾಗ ಇಷ್ಟ ಹೊತ್ತ ನೋಡಿರಲಿಲ್ಲ ನೋಡ ಈ ಮನಶ್ಯಾ.”

“ನೀ ಉರುಳಲಿಲ್ಲಲ, ಅದಕ್ಕ” ಎಂದು ಅವನು ತಾಟಿನಿಂದ ಕಣ್ಣು ತೆಗೆಯದೆ ಹೇಳುತ್ತಿದ್ದ.

ಅಷ್ಟು ಆರಿಸುವುದು ಯಾಕೆಂದು ನಾನೊಮ್ಮೆ ಕೇಳಿದ್ದೆ. ಚಪ್ಪಟೆಯಾದದ್ದು ಎಲ್ಲಿಗೆ ಹೋಗುತ್ತದೆಂದು ಅದಕ್ಕೇ ಗೊತ್ತಿರುವುದಿಲ್ಲ ಎಂದ. ಹಂದಿಗೆ ತಗುಲಿ ಅದು ಸಾಯದೆ ಉಳಿದರೆ ನರಳುತ್ತ ತಿರುಗುತ್ತದೆ, ಆಮೇಲೆ ಕಳೆ ತೆಗೆಯಲು ಹೋದ ಹೆಂಗಸರ ಮೇಲೆ ಏರಿ ಬರುತ್ತದೆ. ಹೊಡೆದರೆ ಒಮ್ಮೆಗೇ ಮುಗಿಯಬೇಕು, ಇಲ್ಲವಾದರೆ ಬರೀ ಸದ್ದು ಮಾಡಿ ಓಡಿಸಬೇಕು, ನಡುವಿನದು ಯಾವುದೂ ಬೇಡ. ಇದು ಅವನ ಅಪ್ಪ ಹೇಳಿಕೊಟ್ಟದ್ದಂತೆ.

ಹಾಗಾಗಿ ಅವನ ಪೊಟ್ಟಣಗಳಲ್ಲಿ ಎರಡೇ ಜಾತಿ. ಒಂದು ಸದ್ದಿನದು. ಸಾನಿಯಾಳ ವಹಿಯ ಬಿಳಿ ಹಾಳೆಯಲ್ಲಿ ಬರೀ ಮದ್ದು, ಬಿರಡೆಗೆ ತೆಂಗಿನ ನಾರಿನ ಉಂಡೆ. ಇನ್ನೊಂದು ಕಾಳಿನದು. ಹಳೇ ಲಗ್ನಪತ್ರಿಕೆಯ ಕೆಂಪು ಕಾಗದದಲ್ಲಿ ಮದ್ದು, ಆರಿಸಿದ ಛರ್ರಾ, ಬಿರಡೆಗೆ ದುಂಡಗೆ ಕತ್ತರಿಸಿದ ಕಂಬಳಿ ತುಂಡು. ನಾರು ಛರ್ರಾಗಳನ್ನು ಚೆಲ್ಲಾಡಿಸುತ್ತದೆ, ಕಂಬಳಿ ಒಟ್ಟಿಗೆ ಹಿಡಿದು ಒಯ್ಯುತ್ತದೆ ಎಂಬುದು ಅವನ ಲೆಕ್ಕ. ಅರಿವೆಯ ತುಂಡನ್ನಂತೂ ಅವನು ಮುಟ್ಟುತ್ತಿರಲಿಲ್ಲ. ಅರಿವೆಗೆ ಕಿಡಿ ಹತ್ತಿದರೆ ಆರುವುದಿಲ್ಲ, ಒಣಗಿದ ದಂಟಿನ ಹೊಲದಲ್ಲಿ ಬಿದ್ದರೆ ಊರಿನ ಮೇವೇ ಹೋಗುತ್ತದೆ. ಕೆಂಪು ಪೊಟ್ಟಣ ಮನೆಯಿಂದ ಹೊರಗೆ ಬರಬೇಕೆಂದರೆ ಹಂದಿ ಹೊಡೆಯಲು ಅರಣ್ಯ ಇಲಾಖೆಯವರು ಕೊಟ್ಟ ಒಪ್ಪಿಗೆಯ ಕಾಗದ ಅವನ ಕೈಗೆ ಬರಬೇಕು. ತಾನೇ ಓದಬೇಕು, ತಾರೀಖು ನೋಡಬೇಕು.

ನಮ್ಮ ಮಾವ ಮತ್ತು ಗೋಣೆಪ್ಪಜ್ಜನ ಗೆಳೆತನ ಎಂಥದೆಂದರೆ, ಮೂವತ್ತು ವರ್ಷದ ಹಿಂದೆ ಇಬ್ಬರಿಗೂ ಒಂದೊಂದೇ ಎತ್ತು. ಎರಡನ್ನೂ ಕೂಡಿಸಿ ಒಂದು ಜೋಡಿ ಮಾಡಿಕೊಂಡು ಇಬ್ಬರ ಹೊಲವನ್ನೂ ಉತ್ತವರು. ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಮೇಲೂ ಹೊಳಿಯವ್ವ ನಮ್ಮ ಮಾವನನ್ನು ‘ಬಲಗೋಲಿನ ಎತ್ತು’, ಜೋಡಿಯ ಬಲಬದಿಯದು, ಅನ್ನುವುದನ್ನು ಬಿಟ್ಟಿರಲಿಲ್ಲ. ಎಲೆಕ್ಷನ್ ಬಂದಾಗಲೆಲ್ಲ ಲೈಸೆನ್ಸಿನವರು ಬಂದೂಕುಗಳನ್ನು ಪೊಲೀಸ್ ಠಾಣೆಯಲ್ಲಿ ಇಟ್ಟು ಬರಬೇಕಾಗುತ್ತದೆ. ಆಗ ಇಬ್ಬರೂ ಬಂದೂಕುಗಳನ್ನು ಒಂದೇ ಕಂಬಳಿಯಲ್ಲಿ ಸುತ್ತಿ ಬಸ್ ಹತ್ತುತ್ತಿದ್ದರು. ಠಾಣೆಗೆ ಒಪ್ಪಿಸಿ, ರಾಣೆಬೆನ್ನೂರಿನಲ್ಲಿ ಮಿರ್ಚಿ ಮಂಡಕ್ಕಿ ತಿಂದು ಬರುತ್ತಿದ್ದರು. ಊರಿಗೆ ಎಲೆಕ್ಷನ್, ಇವರಿಗೆ ಅದು ಸಣ್ಣದೊಂದು ಹಬ್ಬ.

ಈ ವರ್ಷ ನಮ್ಮ ಹೊಲದಲ್ಲಿ ಬೀಜದ ಪ್ಲಾಟು ಹಾಕಿದ್ದೆವು. ನನ್ನ ಗಂಡ ಪ್ರವೀಣಕುಮಾರ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಸೂಪರ್‌ವೈಸರ್. ಅವನೇ ಮಾತಾಡಿ ಅಪ್ಪನಿಗೆ ಗೋವಿನಜೋಳದ ಬೀಜದ ಪ್ಲಾಟು ಕೊಡಿಸಿದ್ದ. ನಾಲ್ಕು ಹೆಣ್ಣು ಸಾಲು, ಒಂದು ಗಂಡು ಸಾಲು, ಹೀಗೆ ಲೆಕ್ಕವಿಟ್ಟು ಬಿತ್ತುವ ಬೆಳೆ. ಗಂಡು ಸಾಲು ಹಾಳಾದರೆ ಕಂಪನಿ ಇಡೀ ಪ್ಲಾಟನ್ನೇ ಬೇಡ ಅನ್ನುತ್ತದೆ. ಸೆಪ್ಟೆಂಬರ್ ಕೊನೆಗೆ ಹಂದಿಗಳು ಒಂದು ಮೂಲೆಯಿಂದ ಮುರಿಯಲು ಶುರು ಮಾಡಿದವು. ಮಾವ ಗೋಣೆಪ್ಪಜ್ಜನ ಹತ್ತಿರ ಕೆಂಪು ಪೊಟ್ಟಣ ಕೇಳಿದರು. ಅಜ್ಜ, ಒಪ್ಪಿಗೆ ಕಾಗದ ಇನ್ನೂ ಬಂದಿಲ್ಲ, ಬರಲಿ, ಅಲ್ಲಿಯತನಕ ಸದ್ದು ಮಾಡು ಎಂದ. ಮಾವ ನಕ್ಕು ಐದು ಬಿಳಿ ಪೊಟ್ಟಣ ಇಸಿದುಕೊಂಡು ಬಂದರು. ನಗುತ್ತಲೇ ಬಂದದ್ದನ್ನು ನಾನು ನೋಡಿದ್ದೇನೆ.

ಅಕ್ಟೋಬರ್ ಹತ್ತರ ಬೆಳಕು ಹರಿಯುವ ಹೊತ್ತಿಗೆ ನಮ್ಮ ಹೊಲದಲ್ಲಿ ಬಂದೂಕಿನ ಸದ್ದು ಕೇಳಿತು. ಮಂಜು ಬಿದ್ದಿತ್ತು. ಹಿಂದೆಯೇ ಉಡಚವ್ವಳ ಕೂಗು. ಉಡಚವ್ವ ನಮ್ಮ ಹೊಲದ ಪಕ್ಕದ ಗುಡಿಸಲಿನವಳು, ಗಂಡ ತೀರಿದ ಮೇಲೆ ಒಂದು ಎಮ್ಮೆಯ ಹಾಲಿನ ಮೇಲೆ ಬದುಕಿದವಳು. ಆ ಎಮ್ಮೆ ಹಗ್ಗ ಬಿಚ್ಚಿಕೊಂಡು ನಮ್ಮ ಪ್ಲಾಟಿಗೆ ನುಗ್ಗಿತ್ತು. ಮಾವ ದಂಟು ಅಲುಗಾಡಿದ ಕಡೆಗೆ ಬಂದೂಕು ಹಾರಿಸಿದ್ದರು. ಕುತ್ತಿಗೆಯಲ್ಲಿ, ಎದೆಯಲ್ಲಿ ಛರ್ರಾ ಹೊಕ್ಕು ಎಮ್ಮೆ ಮಧ್ಯಾಹ್ನದ ಒಳಗೆ ಸತ್ತಿತು.

ಅದೇ ಸಂಜೆ ಹನುಮಪ್ಪನ ಗುಡಿಯ ಕಟ್ಟೆಯಲ್ಲಿ ಹಿರಿಯರು ಕೂಡಿದರು. ನಾನೂ ಹೆಂಗಸರ ಜೊತೆ ನಿಂತಿದ್ದೆ. ಕೇಳುವ ಮಾತು ಒಂದೇ ಇತ್ತು. ಸದ್ದಿನ ಪೊಟ್ಟಣದಲ್ಲಿ ಛರ್ರಾ ಹೇಗೆ ಬಂತು? ನಮ್ಮ ಮಾವ ಕಟ್ಟೆಯ ಕೆಳಗೆ ನಿಂತು, ಸಮಾಧಾನದಿಂದ, ಒಂದೊಂದೇ ಮಾತು ಹೇಳಿದರು.

“ನಾ ಏನ ಮಾಡ್ಲಿ. ಬಿಳೇ ಪೊಟ್ಟಣ ಅಂದ್ರ ಸದ್ದು ಅಂತ ನಂಬೇನಿ. ಅಂವ ಕಟ್ಟಿ ಕೊಟ್ಟಿದ್ದ ಹಾಕೇನಿ.”

ಎಲ್ಲರೂ ಗೋಣೆಪ್ಪಜ್ಜನ ಕಡೆ ತಿರುಗಿದರು. ಅವನು ಮಾವನ ಮುಖ ನೋಡಿದ. ತಾಟಿನ ಮೇಲಿನ ಛರ್ರಾ ನೋಡುವಷ್ಟು ಹೊತ್ತು ನೋಡಿದ. ಆಮೇಲೆ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದ.

“ಯಲ್ಲೇಶ ಸುಳ್ಳ ಹೇಳಾಂವಲ್ಲ” ಎಂದ. “ನನ್ನ ಕಣ್ಣ ತಪ್ಪಿರಬೇಕು.”

ಹಿರಿಯ ಹೇಮಪ್ಪನವರು ಪೊಲೀಸರ ತನಕ ಒಯ್ಯುವುದು ಬೇಡ ಎಂದರು. ಗೋಣೆಪ್ಪಜ್ಜ ಇನ್ನು ಮೇಲೆ ಯಾರಿಗೂ ಪೊಟ್ಟಣ ಕಟ್ಟಬಾರದು, ತನ್ನ ಬಂದೂಕನ್ನು ಠಾಣೆಗೆ ಒಪ್ಪಿಸಿ ಲೈಸೆನ್ಸು ಬಿಡಬೇಕು, ಉಡಚವ್ವಳಿಗೆ ಎಮ್ಮೆಯ ಬದಲು ಎಮ್ಮೆ ಕೊಡಬೇಕು. ಅಜ್ಜ ಮೂರಕ್ಕೂ ಹೂಂ ಅಂದ. ಅವನ ಕೊಟ್ಟಿಗೆಯಲ್ಲಿ ಮುಂದಿನ ತಿಂಗಳು ಚೊಚ್ಚಲು ಈಯಬೇಕಾಗಿದ್ದ ಎಮ್ಮೆಯ ಮಣಕವೊಂದಿತ್ತು. ಹೊಳಿಯವ್ವ ಕರುವಿನಿಂದ ಸಾಕಿದ್ದಳು. ಅದನ್ನು ಬಿಚ್ಚಿ ತಂದು, ಕಟ್ಟೆಯ ಮುಂದೆಯೇ ಉಡಚವ್ವಳ ಕೈಗೆ ಹಗ್ಗ ಕೊಟ್ಟ. ಆಕೆ ಹಗ್ಗ ಇಸಿದುಕೊಂಡಳು, ಆದರೂ ಅವನ ಕೈಗೆ ಹುಳ ಬೀಳಲಿ ಎಂದು ಬೈಯುವುದನ್ನು ನಿಲ್ಲಿಸಲಿಲ್ಲ. ಆಗ ಅವನು ಅತ್ತ. ಮನೆಗೆ ಹೋಗುವ ತನಕ ಅಳುತ್ತಲೇ ಹೋದ. ಸಾನಿಯಾ ನೋಡಿದ್ದು ಅದನ್ನೇ.

ಮುಂದಿನ ವಾರ ಅವನು ಹಾವೇರಿಗೆ ಹೋಗಿ ಕಣ್ಣು ತೋರಿಸಿಕೊಂಡು ಬಂದ. ಒಂದು ಕಣ್ಣಿನಲ್ಲಿ ಪೊರೆ ಈಗಷ್ಟೇ ಶುರುವಾಗಿದೆ, ಇನ್ನೊಂದು ಚೆನ್ನಾಗಿದೆ ಎಂದರಂತೆ ಡಾಕ್ಟರು. ಹೊಳಿಯವ್ವ ಅದನ್ನೇ ಹಿಡಿದು, ಚೆನ್ನಾಗಿದೆ ಅಂದರಲ್ಲ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ಅವನು ಮಾತ್ರ ಒಪ್ಪಲಿಲ್ಲ. ಪೊಟ್ಟಣ ಕಟ್ಟುವಾಗ ತಾನು ಯಾವ ಕಣ್ಣಿನಿಂದ ನೋಡಿದ್ದೆನೋ ಯಾರಿಗೆ ಗೊತ್ತು ಎಂದ. ಮಾವ ಆ ಮನೆಗೆ ಹೋಗುವುದನ್ನು ಬಿಟ್ಟಿದ್ದರು. ನಾನು ಹೋದಾಗ ಅಜ್ಜ ಗೋಡೆಗೆ ಒರಗಿ ಕೂತು, ಬರೀ ಕೈಯನ್ನು ನೋಡಿಕೊಳ್ಳುತ್ತಿದ್ದ. ಹೆಬ್ಬೆರಳು, ತೋರುಬೆರಳು ತಮ್ಮಷ್ಟಕ್ಕೆ ತಿಕ್ಕಾಡುತ್ತಿದ್ದವು. ನಾನು ತಂದ ವಹಿಯ ಹಾಳೆಗಳನ್ನು ಹೊಳಿಯವ್ವ ಒಲೆ ಹತ್ತಿಸಲು ಇಟ್ಟುಕೊಂಡಳು.

ಅವನು ಬಂದೂಕು ಒಪ್ಪಿಸಲು ಹೋದ ದಿನ ನಾನೂ ಅದೇ ಬಸ್ಸಿನಲ್ಲಿದ್ದೆ. ಸಾನಿಯಾಳ ಹಲ್ಲು ತೋರಿಸಲು ರಾಣೆಬೆನ್ನೂರಿಗೆ ಹೊರಟಿದ್ದೆ. ಕಂಬಳಿಯಲ್ಲಿ ಸುತ್ತಿದ್ದು ಒಂದೇ ಬಂದೂಕು, ಹಾಗಾಗಿ ಗಂಟು ಸಡಿಲವಾಗಿತ್ತು. ಈ ದಾರಿಯ ಕಂಡಕ್ಟರನಿಗೆ ಅವನು ಹಳೇ ಪರಿಚಯ.

“ಏನಜ್ಜಾ, ಎಲೆಕ್ಷನ್ ಬಂತೇನ ಮತ್ತ? ಜೋಡಿ ಎಲ್ಲಿ?”

“ನಂದೊಂದ ಬಂದೈತಪಾ” ಎಂದ ಅಜ್ಜ.

ಕಂಡಕ್ಟರ್ ನಕ್ಕು ಮುಂದಿನ ಸೀಟಿಗೆ ಹೋದ. ಸಾನಿಯಾ ಅಜ್ಜನ ಪಕ್ಕದಲ್ಲಿ ಹೋಗಿ ಕೂತು, ತನ್ನ ಅಲುಗಾಡುವ ಹಲ್ಲನ್ನು ತೋರಿಸಿದಳು. ಅವನು ಅದನ್ನು ಬೆರಳಿನಿಂದ ಸಣ್ಣಗೆ ಮುಟ್ಟಿ, ಗುರುವಾರದ ಒಳಗೆ ಬೀಳುತ್ತದೆ, ಡಾಕ್ಟರಿಗೆ ಕೆಲಸವಿಲ್ಲ ಎಂದ. ಹಲ್ಲು ಬುಧವಾರ ಬಿತ್ತು. ಬೆರಳು ಅಷ್ಟು ಸರಿಯಿದ್ದವನ ಬಗ್ಗೆ ನಾನು ಆಗಲಾದರೂ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಮನೆಯವರ ಮಾತನ್ನು ನಂಬುವುದು ಉಸಿರಾಡಿದಂತೆ, ಅದಕ್ಕೆ ಬೇರೆ ಯೋಚನೆ ಬೇಕು ಎಂದು ಅನ್ನಿಸುವುದೇ ಇಲ್ಲ.

ನವೆಂಬರ್ ಎರಡನೇ ವಾರ ತೆನೆ ಮುರಿಯುವ ಕೆಲಸ. ಪ್ಲಾಟು ಉಳಿದಿತ್ತು, ಕಂಪನಿಯವರು ಒಪ್ಪಿದ್ದರು. ಎಮ್ಮೆ ಬಿದ್ದ ಮೂಲೆಯ ಸಾಲು ನನ್ನ ಪಾಲಿಗೆ ಬಂತು. ಒಂದು ದಂಟಿನಲ್ಲಿ ಎಲೆ ಕಾಂಡಕ್ಕೆ ಅಂಟುವ ಸಂದಿಯೊಳಗೆ ಏನೋ ಸಿಕ್ಕಿಕೊಂಡಿತ್ತು. ಒಣ ಹುಳವೆಂದು ತೆಗೆದು ಎಸೆಯಲು ಹೋದವಳು ಕೈಯಲ್ಲೇ ಹಿಡಿದೆ. ಅದು ಅರಿವೆಯ ತುಂಡು. ಹೆಬ್ಬೆರಳಿನಷ್ಟು ದಪ್ಪ ಮಡಚಿದ್ದು, ಅಂಚು ಸುಟ್ಟು ಕರಿಯಾದದ್ದು. ಬಿಡಿಸಿದೆ. ಒಳಗಡೆ ಹಳದಿ ನೆಲದ ಮೇಲೆ ಸಣ್ಣ ನೀಲಿ ಹೂವು. ಒಂದು ಮಗ್ಗುಲಿಗೆ ದುಂಡನೆಯ ಕಪ್ಪು ಕಲೆಗಳು ಒತ್ತೊತ್ತಾಗಿ ಮೂಡಿದ್ದವು, ಮೆಣಸಿನಕಾಳು ಒತ್ತಿ ತೆಗೆದಂತೆ. ಮಡಿಕೆಯಲ್ಲಿ ಒಂದು ಛರ್ರಾ ಇನ್ನೂ ಕೂತಿತ್ತು.

ಆ ಹಳದಿ ಅರಿವೆ ನಾನು ಹೊಲಿದದ್ದು. ಸಾನಿಯಾಳ ಮೂರನೇ ಹುಟ್ಟುಹಬ್ಬದ ಫ್ರಾಕು. ಗಿಡ್ಡವಾದ ಮೇಲೆ ಹರಿದು, ಸಾಮಾನು ಒರೆಸಲು ಕೋಣೆಯ ಗೂಟಕ್ಕೆ ಹಾಕಿದ್ದೆ.

ಸಾಲಿನ ನಡುವೆ ಹಾಗೇ ಕೂತೆ. ಗೋಣೆಪ್ಪಜ್ಜ ಕಣ್ಣು ತಪ್ಪಿ ಕೆಂಪಿನ ಬದಲು ಬಿಳಿ ಹಾಳೆಯಲ್ಲಿ ಛರ್ರಾ ಕಟ್ಟಿದ್ದರೆ ಅದರ ಜೊತೆ ಕಂಬಳಿ ತುಂಡು ಇರಬೇಕಿತ್ತು. ಅರಿವೆ ಅವನ ಮನೆಯಿಂದ ಬರುವಂತೆಯೇ ಇಲ್ಲ. ಇದು ನಮ್ಮ ಮನೆಯ ಗೂಟದಿಂದ ಬಂದದ್ದು. ಅಜ್ಜ ಹೋದ ವರ್ಷ ಒಪ್ಪಿಗೆ ಇದ್ದಾಗ ಕೊಟ್ಟ ಕೆಂಪು ಪೊಟ್ಟಣಗಳಲ್ಲಿ ಮಾವ ಒಂದೆರಡನ್ನು ಹಾರಿಸದೆ ಉಳಿಸಿಕೊಂಡಿರಬೇಕು. ವರ್ಷದಲ್ಲಿ ಅವುಗಳ ಮದ್ದು ತೇವ ಹಿಡಿದು, ಕಂಬಳಿ ನುಸಿ ತಿಂದಿರಬೇಕು; ಛರ್ರಾ ಮಾತ್ರ ತೆಗೆದು, ಸದ್ದಿನ ಮದ್ದಿನ ಮೇಲೆ ಸುರಿದು, ಕೈಗೆ ಸಿಕ್ಕ ಚಿಂದಿ ಜಡಿದಿದ್ದಾರೆ. ಹಂದಿ ಹೊಡೆಯುವ ಆಸೆಗೆ. ಒಪ್ಪಿಗೆಯ ಕಾಗದವಿಲ್ಲದೆ.

ಮಧ್ಯಾಹ್ನ ಬದುವಿನ ಮೇಲೆ ಬುತ್ತಿ ಬಿಚ್ಚಿದಾಗ ಆ ತುಂಡನ್ನು ನನ್ನ ಗಂಡನ ಮುಂದೆ ಇಟ್ಟೆ. ಹೊಲಕ್ಕೆ ಲಾರಿ ತಂದಿದ್ದ ಅವನು ಆಗಷ್ಟೇ ರೊಟ್ಟಿ ಮುರಿದಿದ್ದ. ನೋಡಿದ. ಬೆಚ್ಚಲಿಲ್ಲ. ಅದೇ ನನಗೆ ಮೊದಲ ಪೆಟ್ಟು.

“ನಿನಗ ಗೊತ್ತಿತ್ತ?” ಎಂದೆ.

“ಅಪ್ಪ ಅವತ್ತ ಹೇಳಿದ. ಹೇಳಿದ್ರ ಏನ ಮಾಡೂದಿತ್ತ ಶ್ವೇತಾ? ಫಾರೆಸ್ಟಿನವ್ರು ಕೇಸ್ ಹಾಕತಿದ್ರು, ಪ್ಲಾಟ್ ಹೋಗತಿತ್ತು, ನನ್ನ ನೌಕ್ರಿನೂ ಹೋಗತಿತ್ತು. ಅಜ್ಜಗ ಹೆಂಗೂ ವಯಸ್ಸಾಗಿತ್ತು. ಇವತ್ತಿಲ್ಲ ನಾಳೆ ಬಿಡೂದ ಇತ್ತು.”

ಹಾಗಂದು ಪಲ್ಯ ಹಾಕಿಸಿಕೊಳ್ಳಲು ತಾಟು ಮುಂದೆ ಹಿಡಿದ. ನಾನು ಹಾಕಿದೆ. ಹಾಕದೆ ಇರಬಹುದಿತ್ತೆಂದು ಆಮೇಲೆ ಹೊಳೆಯಿತು. ಮಗಳಿಗೆ ಅಜ್ಜನ ಕಣ್ಣು ಕೆಟ್ಟಿವೆ ಎಂದು ನಾನು ಹೇಳಿದಾಗ ಇವನು ಅಲ್ಲೇ ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತಿದ್ದ. ಕೇಳಿಸಿಕೊಂಡು, ಲೇಸು ಕಟ್ಟಿಕೊಂಡು ಹೋಗಿದ್ದ. ಮದುವೆಯಾಗಿ ಎಂಟು ವರ್ಷದಲ್ಲಿ ನಾವು ಜಗಳವಾಡಿದ್ದೇವೆ, ಮಾತು ಬಿಟ್ಟಿದ್ದೇವೆ. ಆದರೆ ನನ್ನ ಬಾಯಿಂದ ಸುಳ್ಳು ಹೊರಡುವುದನ್ನು ನೋಡುತ್ತ ಅವನು ಸುಮ್ಮನಿರಬಲ್ಲ ಎಂದು ನನಗೆ ಗೊತ್ತಿರಲಿಲ್ಲ.

ಸಂಜೆ ಆಗುವುದರೊಳಗೆ ಗೋಣೆಪ್ಪಜ್ಜನ ಮನೆಗೆ ಹೋದೆ. ಹೋಗಬೇಕೋ ಬೇಡವೋ ಎಂದು ದಾರಿಯಲ್ಲಿ ಎರಡು ಸಲ ನಿಂತೆ. ಇದನ್ನು ತೋರಿಸಿದರೆ ಅವನ ಕೈ ಅವನಿಗೆ ವಾಪಸು ಸಿಗುತ್ತದೆ, ಗೆಳೆಯ ಹೋಗುತ್ತಾನೆ. ತೋರಿಸದಿದ್ದರೆ ಗೆಳೆಯ ಉಳಿಯುತ್ತಾನೆ, ಆದರೆ ಸಾಯುವ ತನಕ ಅವನು ಆ ಬೆರಳುಗಳನ್ನು ನೋಡುತ್ತ ಕೂರುತ್ತಾನೆ. ಯಾವುದು ಮೇಲು ಎಂದು ತೀರ್ಮಾನಿಸಲು ನಾನು ಯಾರು ಎಂದೂ ಅನ್ನಿಸಿತು. ಆದರೂ ಅದು ಅವನ ವಸ್ತು. ಅವನದನ್ನು ಅವನಿಗೆ ಕೊಡಬೇಕು ಅಂದುಕೊಂಡು ಮೆಟ್ಟಿಲು ಹತ್ತಿದೆ.

ಅವನು ಆ ತುಂಡನ್ನು ಕಣ್ಣಿಗೆ ಹಿಡಿಯಲೇ ಇಲ್ಲ. ಬೆರಳಿನಲ್ಲಿ ತಿಕ್ಕಿ ನೋಡಿದ. ಮೂಗಿಗೆ ಹಿಡಿದ. ಛರ್ರಾವನ್ನು ಉಗುರಿನಿಂದ ಎಬ್ಬಿಸಿ ಅಂಗೈಯಲ್ಲಿ ಉರುಳಿಸಿದ. ಅದು ನೆಟ್ಟಗೆ ಉರುಳಿತು.

“ಇದು ನಾ ಆರಿಸಿದ್ದ ಐತಿ” ಎಂದ. “ಅರಬಿ ನಂದಲ್ಲ.”

“ನಮ್ಮನೀದ್ರಿ ಅಜ್ಜಾ. ಸಾನಿಯಾನ ಫ್ರಾಕು.”

ಹೊಳಿಯವ್ವ ಒಳಗಿನಿಂದ ಬಂದು ನಮ್ಮಿಬ್ಬರನ್ನೂ ನೋಡಿ, ಏನೋ ಚುಚ್ಚಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡು ಕಂಬಕ್ಕೆ ಒರಗಿ ಕೂತಳು.

“ಹಂಗಾರ ನನ್ನ ಕೈ ತಪ್ಪಿಲ್ಲ” ಎಂದ ಅಜ್ಜ. ಛರ್ರಾವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, “ತಪ್ಪಿದ್ರ ಚಲೋ ಇತ್ತು” ಎಂದ.

ಹೊಳಿಯವ್ವ ಆಗಲೇ ಸೆರಗು ಸಿಕ್ಕಿಸಿಕೊಂಡಳು. ಇದನ್ನು ಹಿಡಿದು ಹೇಮಪ್ಪನವರ ಮನೆಗೆ ನಡಿ, ನನ್ನ ಮಣಕ ನನ್ನ ಕೊಟ್ಟಿಗೆಗೆ ಬರಲಿ, ಬಂದೂಕು ಬರಲಿ ಎಂದು ಎದ್ದಳು. ನಾನೂ ಹಿರಿಯರ ಮುಂದೆ ಬಂದು ಹೇಳುತ್ತೇನೆ ಎಂದೆ. ಅಜ್ಜ ನನ್ನ ಕಡೆ ನೋಡಿ, ಹೇಳಿದ ಮೇಲೆ ಆ ಮನೆಯಲ್ಲಿ ನೀನು ಹೇಗೆ ಇರುತ್ತಿ ಎಂದು ಕೇಳಿದ. ಮಣಕ ಈದು, ಉಡಚವ್ವ ಹಾಲು ಹಾಕಲು ಶುರು ಮಾಡಿ ವಾರವಾಯಿತು, ಆಕೆಯ ಕೈಯಿಂದ ಅದನ್ನು ಕಸಿಯುವುದೂ ಆಗದು ಎಂದ. ಬಂದೂಕಿನ ಮಾತನ್ನು ಅವನು ಎತ್ತಲೇ ಇಲ್ಲ. ಆ ತುಂಡನ್ನು ನನಗೆ ತಿರುಗಿ ಕೊಡಲೂ ಇಲ್ಲ. ತನ್ನ ಅಂಗಿಯ ಒಳಜೇಬಿಗೆ ಹಾಕಿಕೊಂಡ.

ನಾನು ಮಾಡಬಹುದಾಗಿದ್ದು ಒಂದೇ ಉಳಿದಿತ್ತು. ಮರುದಿನ ಬೆಳಿಗ್ಗೆ ಸಾನಿಯಾಳನ್ನು ಕೂರಿಸಿಕೊಂಡು, ನಾನು ಅವತ್ತು ತಪ್ಪು ಹೇಳಿದ್ದೆ, ಗೋಣೆಪ್ಪಜ್ಜನ ಕಣ್ಣು ಚೆನ್ನಾಗಿವೆ, ಅವನು ಏನೂ ತಪ್ಪು ಮಾಡಿಲ್ಲ ಎಂದೆ. ಹಾಗಾದರೆ ಯಾರು ಮಾಡಿದರು ಎಂದು ಅವಳು ಕೇಳಲಿಲ್ಲ. ಅವಳಿಗೆ ಅಜ್ಜನ ಕಣ್ಣು ಚೆನ್ನಾಗಿದ್ದದ್ದೇ ದೊಡ್ಡ ಸುದ್ದಿ. ಅದನ್ನು ಹೊತ್ತುಕೊಂಡು ನೆಟ್ಟಗೆ ಪಡಸಾಲೆಗೆ ಹೋದಳು. ಮಾವ ನಾಷ್ಟಾಕ್ಕೆ ಕೂತಿದ್ದರು.

“ಅಜ್ಜಾ, ಗೋಣೆಪ್ಪಜ್ಜನ ಕಣ್ಣ ಚಲೋ ಅದಾವಂತ. ಅವ್ವ ಹೇಳಿದ್ಲು. ನೀ ಮತ್ತ ಅಂವನ ಕೂಡ ಮಾತಾಡ.”

ಮಾವ ತುತ್ತು ಕೆಳಗಿಟ್ಟರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನನ್ನ ಮುಖ ನೋಡಿದರು, ಒಂದು ಗಳಿಗೆ ಅಷ್ಟೇ. ತಾಟಿನಲ್ಲೇ ಕೈ ತೊಳೆದು ಎದ್ದು ಹೋದರು. ಅಂದಿನಿಂದ ನನ್ನ ಜೊತೆ ಅವರ ಮಾತಿಲ್ಲ. ನೀರು ಬೇಕಾದರೆ ಸಾನಿಯಾಳನ್ನು ಕರೆದು ಹೇಳುತ್ತಾರೆ. ತಪ್ಪು ಮಾಡಿದವರು ಅವರು, ತಲೆ ತಗ್ಗಿಸಿ ಓಡಾಡುವವಳು ನಾನು, ಇದು ಹೇಗೆ ಆಯಿತೆಂದು ಪಾತ್ರೆ ಉಜ್ಜುವಾಗ ಎಷ್ಟೋ ಸಲ ಯೋಚಿಸಿದ್ದೇನೆ.

ಡಿಸೆಂಬರಿನಲ್ಲಿ ಕಡಲೆಗೆ ಹಂದಿ ಬರಲು ಶುರುವಾದವು. ಮನೆಯಲ್ಲಿದ್ದ ಬಿಳಿ ಪೊಟ್ಟಣಗಳು ಮುಗಿದಿದ್ದವು. ಮಾವ ಗುತ್ತಲಕ್ಕೆ ಹೋಗಿ, ಅಲ್ಲಿ ಯಾರೋ ಕಟ್ಟಿಕೊಡುತ್ತಾರೆಂದು ಹೊಸ ಪೊಟ್ಟಣ ತಂದರು. ನೀಲಿ ಪ್ಲಾಸ್ಟಿಕ್ಕಿನವು, ಗೋಣೆಪ್ಪಜ್ಜನವಕ್ಕಿಂತ ದಪ್ಪ. ಇವನ್ನು ಹಾರಿಸಿದರೆ ಗುಡ್ಡದ ಆಚೆಗೂ ಕೇಳುತ್ತದೆ ಎಂದು ನನ್ನ ಗಂಡನಿಗೆ ಹೆಮ್ಮೆಯಿಂದ ತೋರಿಸುತ್ತಿದ್ದರು.

ಇಂದು ಬೆಳಿಗ್ಗೆ ಸಾನಿಯಾಳನ್ನು ಶಾಲೆಗೆ ಬಿಟ್ಟು ಬರುವಾಗ ಗೋಣೆಪ್ಪಜ್ಜ ಶಾಲೆಯ ಗೇಟಿನ ಎದುರಿಗೆ, ಹುಣಸೆಮರದ ಕೆಳಗೆ ನಿಂತಿದ್ದ. ನಮ್ಮ ಓಣಿಗೆ ಅವನು ಈಗ ಬರುವುದಿಲ್ಲ. ನನಗಾಗಿಯೇ ಕಾದಿದ್ದನೆಂದು ಗೊತ್ತಾಗಿ ಹತ್ತಿರ ಹೋದೆ. ಯಲ್ಲೇಶ ಗುತ್ತಲದ ಪೊಟ್ಟಣ ತಂದದ್ದು ಖರೆಯೇ ಎಂದು ಕೇಳಿದ. ಖರೆ ಎಂದೆ. ಎಷ್ಟು ದಪ್ಪ ಎಂದ. ನಾನು ಬೆರಳಿನಲ್ಲಿ ತೋರಿಸಿದೆ. ಅವನು ನೆಲ ನೋಡಿದ.

ಆಮೇಲೆ ಹೇಳಿದ. ನಮ್ಮ ಮಾವನ ಬಂದೂಕಿನ ನಳಿಗೆ ಬುಡದ ಹತ್ತಿರ ಒಳಗಿನಿಂದ ತುಕ್ಕು ತಿಂದು ತೆಳ್ಳಗಾಗಿದೆಯಂತೆ. ಹನ್ನೊಂದು ವರ್ಷದ ಹಿಂದೆ ಗಜ ಹಾಕಿ ಸ್ವಚ್ಛ ಮಾಡುವಾಗ ಅದು ಅವನ ಕೈಗೆ ಗೊತ್ತಾಗಿತ್ತಂತೆ. ಮಾವನಿಗೆ ಅದನ್ನು ಹೇಳಿರಲಿಲ್ಲ.

“ಅವ್ರಪ್ಪನ ಬಂದೂಕ ಅದು. ಕೆಟ್ಟೈತಿ ಅಂದ್ರ ಮನಸಿಗೆ ಹಚ್ಕೊಂತಾನ ಅಂತ, ನಾನ ಅವನ ಪೊಟ್ಟಣಕ್ಕಷ್ಟ ಮದ್ದ ಕಡಿಮಿ ಹಾಕ್ಕೊಂತ ಬಂದೆ. ಗುತ್ತಲದಾಂವಗ ಇದೇನ ಗೊತ್ತು. ಎಲ್ಲಾ ಬಂದೂಕಿಗೂ ಒಂದ ಅಳತಿ ಹಾಕತಾನ. ಹಾರಿಸಿದ್ರ ನಳಗಿ ಒಡದ ಮಾರಿಗೆ ಬರತೈತಿ.”

ಮಾವ ಇವತ್ತು ಸಂಜೆ ಕಡಲೆ ಹೊಲಕ್ಕೆ ಹೋಗುವವರಿದ್ದರು. ನೀವೇ ಬಂದು ಹೇಳಿರಿ, ನಿಮ್ಮ ಮಾತಾದರೆ ಕೇಳುತ್ತಾರೆ ಎಂದೆ. ಅವನು ತಲೆ ಅಲ್ಲಾಡಿಸಿದ. ಅಂಗಿಯ ಒಳಜೇಬಿನ ಮೇಲೆ ಅವನ ಕೈ ಇತ್ತು.

“ನಾ ಬರೂದಿಲ್ಲ. ನೀ ಒಂದ ಕೆಲಸ ಮಾಡ ಬ್ಯಾಡಗಿ ತಂಗಿ. ಆ ಬಂದೂಕ ಇನ್ನ ಹಾರಿಸಬ್ಯಾಡ ಅಂತ ಅವಗ ಹೇಳು. ನಿಮ್ಮ ತವರಾಗ ಯಾರೋ ಹ್ಯಾಂಗ ಸತ್ರು ಅನ್ನು, ಪೇಪರಿನ್ಯಾಗ ಓದೇನಿ ಅನ್ನು, ಏನರ ಅನ್ನು. ನಾ ಹೇಳೇನಿ ಅಂತ ಮಾತ್ರ ಹೇಳಬ್ಯಾಡ. ಹೇಳಿದ್ರ ಗೋಣೆಪ್ಪ ಮಾಫ್ ಮಾಡ್ಯಾನ ಅಂತ ತಿಳಕೊಂತಾನ. ನಾ ಮಾಡಿಲ್ಲ.”